ಮೂವರ ಪಾಲಿನ ಲೇತ್ ಮಷೀನು

ಹೈದರಾಬಾದಿನ ಬಾಲಾನಗರದ ಸಣ್ಣ ಕಾರ್ಖಾನೆಗಳಲ್ಲಿ ಹೆಂಗಸರಿಗೆ ಪಾಯಖಾನೆ ಇರುತ್ತಿರಲಿಲ್ಲ. ನನ್ನ ಕೆಲಸದ ಬಗ್ಗೆ ಬರೆಯಲು ಕೂತರೆ ಮೊದಲು ನೆನಪಿಗೆ ಬರುವುದು ಇದೇ. ಬೆಳಗ್ಗೆ ಎಷ್ಟು ನೀರು ಕುಡಿಯಬೇಕು, ಇವತ್ತು ಹೋಗುವ ಶೆಡ್ಡಿನ ಹಿಂದೆ ಮಾಲೀಕರ ಮನೆ ಇದೆಯೋ ಇಲ್ಲವೋ, ಇದ್ದರೆ ಆ ಮನೆಯಾಕೆಯನ್ನು ಕೇಳಬಹುದೋ ಬಾರದೋ ಎಂಬ ಯೋಚನೆಯಿಂದಲೇ ನನ್ನ ದಿನ ಶುರುವಾಗುತ್ತಿತ್ತು. ಈಗ ಈ ಕೆಲಸಕ್ಕೆ ಸೇರಿರುವ ಹೆಣ್ಣುಮಕ್ಕಳು ಕೆಲವರು ನನ್ನನ್ನು ಕೇಳುತ್ತಾರೆ: "ಮ್ಯಾಡಂ, ಹಳೇ ಲೇತ್ ಬಿಟ್ಟರೆ ಬೇರೇನೂ ಇಲ್ಲದ ಜಾಗಕ್ಕೆ ಕಂಪ್ಯೂಟರ್ ಹೇಗೆ ತಂದಿರಿ?" ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ಸುದ್ದಿ ಇದರಲ್ಲಿಲ್ಲ. ಹೇಳಿಕೊಳ್ಳುವಂಥ ಬಡ್ತಿಗಳು ನನಗೆ ಸಿಗಲೂ ಇಲ್ಲ.

ನಮ್ಮದು ಗುಲ್ಬರ್ಗಾ ಕಡೆಯ ಕುಟುಂಬ. ಅಪ್ಪ ಹೈದರಾಬಾದಿನ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ನಾನು ಇಲ್ಲೇ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಸಣ್ಣ ಕೈಗಾರಿಕೆಗಳಿಗೆ ತಾಂತ್ರಿಕ ನೆರವು ಕೊಡುವ ಒಂದು ಕೇಂದ್ರಕ್ಕೆ ಸೇರಿದೆ. ಅಪ್ಪ ನಿವೃತ್ತರಾದ ಮೇಲೆ ಅವರೂ ಅವ್ವನೂ ಗುಲ್ಬರ್ಗಾದಲ್ಲಿದ್ದ ನನ್ನಣ್ಣನ ಮನೆಗೆ ಹೋದರು. ನಾನು ಅಮೀರ್‌ಪೇಟೆಯ ಒಂದು ಲೇಡೀಸ್ ಹಾಸ್ಟೆಲಿಗೆ ಬಂದೆ. ಮದುವೆಯ ಮಾತು ಒಂದೆರಡು ಸಲ ಬಂದು ಹೋಯಿತು. ಎಣ್ಣೆ ಮೆತ್ತಿದ ಕೈಯ ಹುಡುಗಿ ಯಾರಿಗೂ ಒಪ್ಪಿಗೆಯಾಗಲಿಲ್ಲ. ಹಾಸ್ಟೆಲಿನಲ್ಲಿ ಇದ್ದವರೆಲ್ಲ ಕಂಪ್ಯೂಟರ್ ಕೋರ್ಸಿಗೆಂದು ಬಂದ ಹುಡುಗಿಯರು. ಒಬ್ಬಳ ಹೆಸರು ನನ್ನ ಬಾಯಿಗೆ ಹತ್ತುವಷ್ಟರಲ್ಲಿ ಅವಳ ಮಂಚಕ್ಕೆ ಮತ್ತೊಬ್ಬಳು ಬಂದಿರುತ್ತಿದ್ದಳು.

ನಮ್ಮ ಮೇಲಧಿಕಾರಿ ಮೂರ್ತಿಯವರು ಹೆಚ್ಚು ಮಾತಿನ ಮನುಷ್ಯರಲ್ಲ. ಮೊದಲ ದಿನವೇ ನನ್ನ ಕೈಗೆ ಒಂದು ಪೆಟ್ಟಿಗೆ ಕೊಟ್ಟರು. ಅದರ ಮುಖದ ಮೇಲೆ ಕೆಂಪು ಅಂಕಿಗಳು ಬೆಳಗುತ್ತಿದ್ದವು. ಲೋಹದ ತುಂಡನ್ನು ತಿರುಗಿಸಿ ಕೊರೆಯುವ ಲೇತಿಗೆ ಒಂದು ಗಾಜಿನ ಅಳತೆಪಟ್ಟಿ ಕೂರಿಸಿ ಈ ಪೆಟ್ಟಿಗೆ ಜೋಡಿಸಿದರೆ, ಉಳಿ ಎಷ್ಟು ಸರಿಯಿತೆಂದು ಕೂದಲೆಳೆಯಷ್ಟೂ ತಪ್ಪದೆ ತೋರಿಸುತ್ತಿತ್ತು. "ದೊಡ್ಡವರು ಹೊಸ ಮಷೀನು ಕೊಳ್ಳುತ್ತಾರೆ. ನಮ್ಮವರಿಗೆ ಅದು ಆಗುವುದಿಲ್ಲ. ಇರುವ ಮಷೀನಿಗೇ ಕಣ್ಣು ಇಟ್ಟುಕೊಡಬೇಕು" ಎಂದರು. ಹಲವು ವರ್ಷ ನಾನು ಮಾಡಿದ್ದು ಅದನ್ನೇ. ಭುಜಕ್ಕೆ ಒಂದು ಚೀಲ ಹಾಕಿಕೊಂಡು, ಬಸ್ಸಿಳಿದು, ಓಣಿ ಓಣಿ ಸುತ್ತಿ, ಹಳೆಯ ಲೇತುಗಳಿಗೆ ಕಣ್ಣಿಡುವುದು.

ಮೊದಲು ಈ ಪೆಟ್ಟಿಗೆ ಹಾಕಿಸಿಕೊಂಡವರಲ್ಲಿ ಹಮೀದ್ ಭಾಯಿ ಒಬ್ಬರು. ಕೂಲರ್ ಮೋಟಾರಿಗೆ ಶಾಫ್ಟು ಮಾಡುತ್ತಿದ್ದರು. ಹಾಕಿದ ಮರುದಿನವೇ ಕೇಂದ್ರಕ್ಕೆ ಬಂದು, "ಆಪಾ, ನಿಮ್ಮ ಪೆಟ್ಟಿಗೆಗೆ ಹುಚ್ಚು ಹಿಡಿದಿದೆ. ಮಷೀನು ನಿಂತಲ್ಲೇ ನಿಂತಿದೆ, ನಂಬರ್ ಓಡುತ್ತಿದೆ" ಎಂದರು. ನಾನು ಹೋದೆ. ನಾನಿದ್ದಾಗ ಅಂಕಿಗಳು ಅಲ್ಲಾಡಲಿಲ್ಲ. ವಾಪಸು ಬಂದೆ, ಮತ್ತೆ ಹುಚ್ಚು. ಕೊನೆಗೆ ಒಂದು ದಿನ ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. ಕೆಲಸಗಾರರೆಲ್ಲ ಊಟಕ್ಕೆ ಹೋದರು. ಶೆಡ್ಡಿನಲ್ಲಿ ನಾನು ಮತ್ತು ಆ ಕೆಂಪು ಅಂಕಿಗಳು. ಇದ್ದಕ್ಕಿದ್ದಂತೆ ಅಂಕಿಗಳು ಕುಣಿದವು. ಅದೇ ಹೊತ್ತಿಗೆ ಪಕ್ಕದ ಗೋಡೆಯ ಆಚೆಯಿಂದ ಚರಚರ ಸದ್ದು ಬಂತು. ಪಕ್ಕದವರು ಗೇಟು ವೆಲ್ಡಿಂಗ್ ಮಾಡುತ್ತಿದ್ದರು. ಕಾರಣ ಸಿಕ್ಕ ಖುಷಿಗೆ ಎದ್ದು ನಿಂತುಬಿಟ್ಟೆ. ಹೇಳೋಣವೆಂದರೆ ಸುತ್ತ ಯಾರೂ ಇರಲಿಲ್ಲ. ಮರುದಿನ ಶೆಡ್ಡಿನ ಹಿಂದೆ ಗುಂಡಿ ತೋಡಿಸಿ, ಇದ್ದಿಲು ಉಪ್ಪು ಹಾಕಿ, ತಾಮ್ರದ ಹಾಳೆ ಹೂಳಿ ಮಷೀನಿಗೆ ಬೇರೆಯೇ ಅರ್ಥಿಂಗ್ ಕೊಟ್ಟೆ. ಹುಚ್ಚು ಬಿಟ್ಟಿತು. ಹೊಸದಾಗಿ ಬಂದವರಿಗೆ ನಾನು ಇದನ್ನು ಈಗಲೂ ಹೇಳುತ್ತೇನೆ. ಯಂತ್ರ ಕೆಟ್ಟಿದೆ ಎಂದು ದೂರು ಬಂದರೆ ಬಿಚ್ಚಬೇಡಿ. ಮೊದಲು ಅದರ ಪಕ್ಕ ಸುಮ್ಮನೆ ಕೂತುಕೊಳ್ಳಿ.

ಬಸವರಾಜಪ್ಪ ಪಾಟೀಲರ ಪರಿಚಯವಾದದ್ದು ಬೆರಳು ಜಜ್ಜಿಕೊಂಡು. ಅವರು ಬೋರ್‌ವೆಲ್ ಪಂಪಿನ ಭಾಗಗಳನ್ನು ಮಾಡುತ್ತಿದ್ದರು. ಅಳತೆಪಟ್ಟಿ ಕೂರಿಸುವಾಗ ನನ್ನ ಕೈಯಿಂದ ಸ್ಪ್ಯಾನರ್ ಜಾರಿತು. "ಅಯ್ಯೋ ಯವ್ವಾ!" ಎಂದು ಕೂಗಿದೆ. ಅಲ್ಲಿಯವರೆಗೆ ನನ್ನ ಜೊತೆ ಹಿಂದಿಯಲ್ಲಿ ಗಂಭೀರವಾಗಿ ಮಾತಾಡುತ್ತಿದ್ದ ಮನುಷ್ಯ ಓಡಿ ಬಂದರು.

"ಬಾಯಾರ, ಕನ್ನಡದವರೇನ್ರಿ ನೀವು? ಇಷ್ಟೊತ್ತು ಸುಮ್ಮನ ಹಿಂದಿ ಹೊಡದ್ವಲ್ರಿ! ನಮ್ಮದು ಹುಮನಾಬಾದ."

"ನಮ್ಮದು ಗುಲ್ಬರ್ಗಾ ರೀ" ಎಂದೆ, ಬೆರಳು ಬಾಯಲ್ಲಿಟ್ಟುಕೊಂಡೇ.

"ಮತ್ತ ಹೇಳಬಾರದೇನ್ರಿ? ಮೊದಲ ಬೆರಳಿಗೆ ನೀರು ಹಾಕ್ಕೋರಿ. ಆಮ್ಯಾಲ ಊಟ ಮಾಡೋಣು. ಮನ್ಯಾಗಿಂದ ಭಕ್ರಿ ಬಂದಾವ."

ಜೋಳದ ಭಕ್ರಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಹಾಸ್ಟೆಲಿನ ಅನ್ನ, ಸಾಂಬಾರು ತಿಂದು ತಿಂದು ಜಡ್ಡುಗಟ್ಟಿದ್ದ ನಾಲಿಗೆಗೆ ಅದು ಏನಾಗಿ ಕಂಡಿತೆಂದು ಹೇಳಲಾರೆ. ಊಟಕ್ಕಿಂತ ಹೆಚ್ಚಾಗಿ ಮಾತು. ಅವರಿಗೆ ನನ್ನ ತಂದೆಯಷ್ಟಲ್ಲದಿದ್ದರೂ ದೊಡ್ಡಣ್ಣನಷ್ಟು ವಯಸ್ಸಾಗಿತ್ತು. ಊರಿನ ಮಳೆ, ತೊಗರಿ, ಬಸ್ಸಿನ ತೊಂದರೆ, ಯಾರದೋ ಮದುವೆಯ ಗಲಾಟೆ, ಹೀಗೆ ಏನೇನೋ ಹೇಳುತ್ತಿದ್ದರು. ಆ ಕಡೆ ಕೆಲಸವಿದ್ದಾಗಲೆಲ್ಲ ಮಧ್ಯಾಹ್ನದ ಹೊತ್ತಿಗೆ ಅವರ ಶೆಡ್ಡಿಗೆ ಹೋಗುವಂತೆ ನಾನು ದಿನವನ್ನು ಹೊಂದಿಸಿಕೊಳ್ಳುತ್ತಿದ್ದೆ. ಇಡೀ ವಾರದಲ್ಲಿ ನಾನು ಕನ್ನಡ ಆಡುತ್ತಿದ್ದದ್ದು ಅಲ್ಲಿ ಮಾತ್ರ.

ಅಷ್ಟರಲ್ಲಿ ಕಾಲ ಬದಲಾಯಿತು. ಮಾಲು ಕೊಳ್ಳುವ ದೊಡ್ಡ ಕಂಪನಿಗಳು ಕಾಗದದ ಡ್ರಾಯಿಂಗ್ ಬಿಟ್ಟು ಫ್ಲಾಪಿ ಕಳಿಸತೊಡಗಿದವು. ನೂರು ತುಂಡು ಮಾಡಿದರೆ ನೂರೂ ಒಂದೇ ಥರ ಇರಬೇಕು. ಒಂದು ಪೆಟ್ಟಿಗೆಯಲ್ಲಿ ಕೆಲವು ತುಂಡು ಹೆಚ್ಚುಕಡಿಮೆಯಾದರೂ ಪೂರ್ತಿ ಪೆಟ್ಟಿಗೆ ವಾಪಸು. ಬಾಲಾನಗರದಲ್ಲಿ ಶೆಡ್ಡುಗಳಿಗೆ ಬೀಗ ಬೀಳುವುದು ಶುರುವಾಯಿತು. ಕಂಪ್ಯೂಟರಿನಿಂದ ಓಡುವ ಲೇತ್ ಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲ.

ಮೂರ್ತಿಯವರು ಒಂದು ದಾರಿ ಹುಡುಕಿದರು. ಒಬ್ಬರಿಗೆ ಆಗದ್ದು ಮೂವರಿಗೆ ಆಗಬಹುದು. ಕೇಂದ್ರದಲ್ಲಿ ಬಿದ್ದಿದ್ದ ಒಂದು ಗಟ್ಟಿಮುಟ್ಟಾದ ಹಳೆಯ ಲೇತನ್ನು ಬಿಚ್ಚಿ, ಹೊಸ ಸ್ಕ್ರೂ, ಹೊಸ ಮೋಟಾರು ಹಾಕಿ, ಒಂದು ಸಾಧಾರಣ ಕಂಪ್ಯೂಟರಿಗೆ ಜೋಡಿಸುವುದು. ಅದನ್ನು ಬಾಲಾನಗರದಲ್ಲೇ ಒಂದು ಬಾಡಿಗೆ ಶೆಡ್ಡಿನಲ್ಲಿಟ್ಟು ಮೂರು ಕಾರ್ಖಾನೆಗಳು ಸರದಿಯಲ್ಲಿ ಬಳಸುವುದು. ಹಮೀದ್ ಭಾಯಿ ಒಪ್ಪಿದರು, ಪಾಟೀಲರು ಒಪ್ಪಿದರು. ಮೂರನೆಯವರು ತೆಲುಗಿನವರಾದ ಸತ್ಯನಾರಾಯಣ ಗಾರು. ವಾಲ್ವಿನೊಳಗೆ ಕೂರುವ ಸ್ಪಿಂಡಲ್ ಎಂಬ ಕಡ್ಡಿಗಳನ್ನು ಅವರು ಮಾಡುತ್ತಿದ್ದರು. ಸಂದೇಹದ ಮನುಷ್ಯ. ಒಪ್ಪಲು ಬಹಳ ಸತಾಯಿಸಿ ಕೊನೆಗೆ ಒಪ್ಪಿದರು. ಯಂತ್ರ ನಡೆಸುವವಳು ನಾನು.

ಮೋಟಾರು ಜೋಡಿಸಿ ಯಂತ್ರ ಮೊದಲ ಸಲ ತಾನಾಗಿ ಓಡಿದಾಗ ಮೂವರೂ ಎದುರು ನಿಂತಿದ್ದರು. ಉಳಿ ತಾನೇ ಮುಂದೆ ಬಂತು, ತಾನೇ ಕೊರೆಯಿತು, ತಾನೇ ಹಿಂದೆ ಹೋಯಿತು. ಹಮೀದ್ ಭಾಯಿ "ಸುಭಾನಲ್ಲಾ" ಎಂದರು. ಸತ್ಯನಾರಾಯಣ ಗಾರು ಮೈಕ್ರೋಮೀಟರ್ ಹಿಡಿದು ತುಂಡನ್ನು ಅಳೆದರು. ಆಮೇಲೆ ಇನ್ನೊಮ್ಮೆ ಅಳೆದರು.

ಆದರೆ ಮೂವರೂ ಒಂದೇ ಮಾರುಕಟ್ಟೆಯವರು. ಒಬ್ಬರ ಕೆಲಸ ಇನ್ನೊಬ್ಬರಿಗೆ ಕಾಣಬಾರದು. ಕಿಟಕಿಗೆ ಗೋಣಿಪರದೆ ಕಟ್ಟಿದೆವು. ಒಬ್ಬೊಬ್ಬರ ಫ್ಲಾಪಿಗೂ ಬೀರುವಿನಲ್ಲಿ ಬೇರೆ ಬೇರೆ ಖಾನೆ, ಬೇರೆ ಬೇರೆ ಬೀಗ. ಮೂರೂ ಬೀಗದ ಕೈ ನನ್ನ ಬಳಿ. ಯಾರು ಯಾವ ಕಂಪನಿಗೆ ಏನು ಮಾಡುತ್ತಿದ್ದಾರೆ, ಯಾರ ಕೆಲಸ ಕಡಿಮೆಯಾಗಿದೆ, ಯಾರಿಗೆ ತಿಂಗಳು ದಾಟುವುದು ಕಷ್ಟವಾಗಿದೆ ಎಂಬುದೆಲ್ಲ ನನಗೆ ಗೊತ್ತಿತ್ತು, ಬೇರೆ ಯಾರಿಗೂ ಹೇಳುವಂತಿರಲಿಲ್ಲ. ಇಂಥ ಹಂಚಿಕೆಯ ಯಂತ್ರದ ಕೆಲಸ ನಿಮ್ಮ ಪಾಲಿಗೂ ಬಂದೀತು. ಯಂತ್ರ ಕಲಿಯುವುದು ಸುಲಭ. ಚಹಾದಂಗಡಿಯಲ್ಲಿ ಯಾರ ಪಕ್ಕ ಕೂರಬೇಕು ಎಂಬುದು ಕಷ್ಟ. ನಾನು ಅಂಗಡಿಗೆ ಹೋಗುವುದನ್ನೇ ಬಿಟ್ಟೆ. ಪಾಟೀಲರ ಭಕ್ರಿಯೂಟವನ್ನು ಮಾತ್ರ ಬಿಟ್ಟಿರಲಿಲ್ಲ.

ಗಲಾಟೆ ಎದ್ದದ್ದು ವಾಲ್ವ್ ಸ್ಪಿಂಡಲಿನಿಂದ. ಸತ್ಯನಾರಾಯಣ ಗಾರು ಹಲವು ವರ್ಷಗಳಿಂದ ಒಂದು ವಾಲ್ವ್ ಕಂಪನಿಗೆ ಕೊಡುತ್ತಿದ್ದ ಸ್ಪಿಂಡಲಿನ ಆರ್ಡರು ಇದ್ದಕ್ಕಿದ್ದಂತೆ ನಿಂತು, ಪಾಟೀಲರಿಗೆ ಸಿಕ್ಕಿತು. ಮರುದಿನ ಸತ್ಯನಾರಾಯಣ ಗಾರು ಶೆಡ್ಡಿಗೆ ಬಂದಾಗ ಅವರ ಮುಖ ಕೆಂಪಾಗಿತ್ತು. ಮೂರ್ತಿಯವರನ್ನೂ ಉಳಿದಿಬ್ಬರನ್ನೂ ಕರೆಸಿದರು.

"ನನ್ನ ಡ್ರಾಯಿಂಗು ಇವರಿಗೆ ಹೇಗೆ ಹೋಯಿತು? ಇಬ್ಬರೂ ಕೂತು ಕನ್ನಡಂಲೋ ಗುಸುಗುಸು ಮಾತಾಡುತ್ತಾರೆ. ನಮಗೇನು ಅರ್ಥವಾಗುತ್ತೆ? ಏನು ಹೇಳಿದಳೋ ಈಯಮ್ಮ, ಯಾರಿಗೆ ಗೊತ್ತು?" ಎಂದು ತೆಲುಗಿನಲ್ಲಿ ಕೂಗಾಡಿದರು.

ಪಾಟೀಲರು ಎದ್ದು ನಿಂತರು. "ದೇಖೋ, ಕಂಪನಿಯವರೇ ಸ್ಪಿಂಡಲ್ ತಂದು ನನ್ನ ಟೇಬಲ್ ಮೇಲೆ ಇಟ್ಟರು. ಇದರಂತೆ ಕಡಿಮೆಗೆ ಮಾಡಿಕೊಡುತ್ತೀರಾ ಅಂತ ಕೇಳಿದರು. ಯಾರ ಮಾಲು ಅಂತ ನಾನು ಕೇಳಲಿಲ್ಲ. ಬಾಯಾರು ನನ್ನ ಜೊತೆ ಮಾತಾಡೋದು ಊರಿನ ಸುದ್ದಿ ಮಾತ್ರ."

"ಯಾವ ಕಂಪನಿ ಹಾಗೆ ಮಾಡುತ್ತೆ? ಸುಳ್ಳು" ಎಂದರು ಸತ್ಯನಾರಾಯಣ ಗಾರು. "ನಾನು ಇದರಿಂದ ಹೊರಗೆ."

ಒಬ್ಬರು ಹೊರಗೆ ಹೋದರೆ ಉಳಿದಿಬ್ಬರಿಂದ ಶೆಡ್ಡು ನಡೆಯುವಂತಿರಲಿಲ್ಲ. ಅದು ಮುಚ್ಚಿದರೆ ಮೂರು ಕಾರ್ಖಾನೆಗಳಿಗೂ ಉಳಿಗಾಲವಿರಲಿಲ್ಲ. ಎಲ್ಲರೂ ಮೂರ್ತಿಯವರ ಮುಖ ನೋಡಿದರು. ಅವರು ನೆಲ ನೋಡುತ್ತಿದ್ದರು. ಆಗ ನಾನೇ ಹೇಳಿದೆ, ಎಲ್ಲರಿಗೂ ಅರ್ಥವಾಗಲೆಂದು ಹಿಂದಿಯಲ್ಲಿ: "ಇವತ್ತಿನಿಂದ ನಾನು ಇಲ್ಲಿ ಹಿಂದಿಯೊಂದನ್ನೇ ಆಡುತ್ತೇನೆ. ಪಾಟೀಲರ ಜೊತೆಯಲ್ಲೂ. ಯಾರ ಶೆಡ್ಡಿನಲ್ಲೂ ಊಟಕ್ಕೆ ಕೂರುವುದಿಲ್ಲ. ಇಷ್ಟು ಸಾಕೇ?"

ಸತ್ಯನಾರಾಯಣ ಗಾರು "ಸರೇ" ಎಂದರು. ಪಾಟೀಲರು ನನ್ನತ್ತ ನೋಡಿದರು. ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡರು. ಯಾವ ಭಾಷೆಯಲ್ಲಿ ಹೇಳಬೇಕೆಂದು ಅವರಿಗೆ ತೋಚಲಿಲ್ಲವೆಂದು ಕಾಣುತ್ತದೆ.

ಮಾತು ಕೊಡುವಾಗ ಅದು ಅಷ್ಟು ದೊಡ್ಡದೆಂದು ನನಗೆ ಅನ್ನಿಸಿರಲಿಲ್ಲ. ಮುಂದಿನ ವಾರಗಳಲ್ಲಿ ತಿಳಿಯಿತು. ಪಾಟೀಲರ ಸರದಿ ಬಂದಾಗ ಅವರು ಬಾಗಿಲಲ್ಲಿ ನಿಂತು "ನಮಸ್ತೇ ಬಾಯಿ" ಎನ್ನುತ್ತಿದ್ದರು. ನಾನು "ನಮಸ್ತೇ" ಎನ್ನುತ್ತಿದ್ದೆ. ಕೆಲಸದ ನಾಲ್ಕು ಮಾತಾಗುತ್ತಿತ್ತು. ಹಿಂದಿಯಲ್ಲಿ ನಮಗಿಬ್ಬರಿಗೂ ಇದ್ದದ್ದು ಬಜಾರಿನ ಮಾತು, ಕಾರ್ಖಾನೆಯ ಮಾತು; ತೊಗರಿಯ ಮಾತು, ಮದುವೆಯ ಮಾತು ಅದರಲ್ಲಿ ಬರುತ್ತಿರಲಿಲ್ಲ. ಊಟದ ಹೊತ್ತಿಗೆ ನಾನು ಹಾಸ್ಟೆಲಿನ ಡಬ್ಬಿಯನ್ನು ಯಂತ್ರದ ಪಕ್ಕದ ಸ್ಟೂಲಿನ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆ. ಒಮ್ಮೊಮ್ಮೆ ಯಂತ್ರದ ಜೊತೆ ಮಾತಾಡುತ್ತಿದ್ದೆ, "ಸಾಕು ನಿಲ್ಲವ್ವಾ, ಎಷ್ಟು ಕೂಗತಿ" ಎಂದು. ಹೊರಗೆ ಯಾರಾದರೂ ನಡೆದ ಸದ್ದಾದರೆ ಬಾಯಿ ಮುಚ್ಚುತ್ತಿದ್ದೆ.

ಕೆಲಸ ಮಾತ್ರ ಬೆಳೆಯಿತು. ವಾಪಸು ಬರುವ ಪೆಟ್ಟಿಗೆಗಳು ನಿಂತವು. ಹಮೀದ್ ಭಾಯಿ ಇಬ್ಬರು ಹೊಸ ಕೆಲಸಗಾರರನ್ನು ತೆಗೆದುಕೊಂಡರು. ಬೀಗ ಹಾಕಬೇಕೆಂದಿದ್ದ ಪಾಟೀಲರ ಶೆಡ್ಡಿಗೆ ಹೊಸ ತಗಡು ಬಿತ್ತು. ಮೂರ್ತಿಯವರು ಬೇರೆ ಊರುಗಳವರನ್ನು ಕರೆತಂದು ಯಂತ್ರ ತೋರಿಸುತ್ತಿದ್ದರು. ಕೇಂದ್ರದಲ್ಲಿ ನನ್ನ ಜೊತೆ ಸೇರಿದವರೆಲ್ಲ ಹೆಚ್ಚಿನ ಸಂಬಳದ ಕಡೆ ಹೋಗಿ, ನಮ್ಮ ವಿಭಾಗದಲ್ಲಿ ನಾನೊಬ್ಬಳೇ ಉಳಿದಿದ್ದೆ.

ಒಂದು ದಿನ ಪಾಟೀಲರ ಸರದಿ ನಡೆದಿತ್ತು. ಶೆಡ್ಡಿಗೆ ಫೋನಿರಲಿಲ್ಲ, ನನಗೆ ಬರುವ ಕರೆ ಹತ್ತಿರದ ಸತ್ಯನಾರಾಯಣ ಗಾರು ಅವರ ಆಫೀಸಿಗೆ ಬರುತ್ತಿತ್ತು. ಅವರು ತಾವೇ ಓಡುತ್ತಾ ಬಂದರು, ಹಿಂದೆ ಹಮೀದ್ ಭಾಯಿ.

"ಅಮ್ಮಾ, ಗುಲ್ಬರ್ಗಾ ನುಂಚಿ ಫೋನು. ಮೀ ಅಮ್ಮಗಾರು..." ಎಂದು ನಿಲ್ಲಿಸಿದರು. ಅವ್ವ ತೀರಿಕೊಂಡಿದ್ದಳು.

ನಾನು ಮೊದಲು ಮಾಡಿದ ಕೆಲಸ ಯಂತ್ರ ನಿಲ್ಲಿಸಿದ್ದು. ಉಳಿಯನ್ನು ಹಿಂದಕ್ಕೆ ತಂದು, ಮೋಟಾರು ಆರಿಸಿ, ಕೈ ಒರೆಸಿಕೊಂಡೆ. ಪಾಟೀಲರು ಹತ್ತಿರ ಬಂದರು. ಒಮ್ಮೆ ಸತ್ಯನಾರಾಯಣ ಗಾರು ಅವರ ಕಡೆ ನೋಡಿದರು. ಆಮೇಲೆ ನನಗೆ ಹೇಳಿದರು: "ಹಿಮ್ಮತ್ ರಖೋ ಬಾಯಿ. ಸಬ್ ಕೋ ಜಾನಾಚ್ ಹೈ."

ಧೈರ್ಯ ತಗೋ, ಎಲ್ಲರೂ ಹೋಗುವವರೇ. ನನ್ನ ಅವ್ವನ ಸಾವಿಗೆ ನನ್ನ ಸೀಮೆಯ ಮನುಷ್ಯ ಹಿಂದಿಯಲ್ಲಿ ಸಮಾಧಾನ ಹೇಳಿದರು. ನಾನೂ "ಜೀ" ಎಂದೆ. ನಾನು ಕೊಟ್ಟ ಮಾತನ್ನು ನನಗಿಂತ ಹೆಚ್ಚಾಗಿ ಅವರು ಕಾಪಾಡುತ್ತಿದ್ದರು.

ಹಮೀದ್ ಭಾಯಿ ಸ್ಕೂಟರಿನಲ್ಲಿ ಇಮ್ಲಿಬನ್ ಬಸ್ ನಿಲ್ದಾಣಕ್ಕೆ ಬಿಟ್ಟರು. ದಾರಿಯಲ್ಲಿ ನನಗೆ ಅಳು ಬರಲಿಲ್ಲ. ಗುಲ್ಬರ್ಗಾ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಕಂಡಕ್ಟರ್ ಬಂದು, "ಎಲ್ಲಿಗ್ರಿ ಅಕ್ಕಾರ?" ಎಂದ. ಅಷ್ಟೇ ಅವನು ಕೇಳಿದ್ದು. ನನಗೆ ಊರಿನ ಹೆಸರು ಹೇಳಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಅವನು ಗಾಬರಿಯಾಗಿ "ಇರ್ಲಿ ಬಿಡ್ರಿ ಅಕ್ಕಾರ, ಆಮ್ಯಾಲ ಬರ್ತೀನಿ" ಎಂದು ಮುಂದೆ ಹೋದ. ನಗರ ದಾಟಿ ಎಷ್ಟೋ ದೂರ ಹೋಗುವವರೆಗೂ ನನ್ನ ಸೀಟಿನ ಹತ್ತಿರ ಬರಲಿಲ್ಲ.

ವಾಪಸು ಬಂದು ಮತ್ತೆ ಕೆಲಸಕ್ಕೆ ನಿಂತೆ. ಸ್ಪಿಂಡಲಿನ ನಿಜ ಹೊರಬಿದ್ದದ್ದು ಅದಾಗಿ ಕೆಲವು ವರ್ಷಗಳ ಮೇಲೆ. ಅದೇ ವಾಲ್ವ್ ಕಂಪನಿಯ ಮನುಷ್ಯ ಈ ಸಲ ಸತ್ಯನಾರಾಯಣ ಗಾರು ಅವರ ಬಳಿ ಬಂದು, ಒಂದು ಶಾಫ್ಟನ್ನು ಮೇಜಿನ ಮೇಲಿಟ್ಟು, "ಇದನ್ನು ಇನ್ನೂ ಕಡಿಮೆಗೆ ಮಾಡಿಕೊಡುತ್ತೀರಾ?" ಎಂದು ಕೇಳಿದನಂತೆ. ಅದರ ತುದಿಯಲ್ಲಿ, ಆಗ ಆ ಕಂಪನಿಗೂ ಶಾಫ್ಟು ಕೊಡುತ್ತಿದ್ದ ಹಮೀದ್ ಭಾಯಿ ಪಂಚಿನಿಂದ ಒತ್ತಿದ ಗುರುತಿತ್ತು. ಸತ್ಯನಾರಾಯಣ ಗಾರು ಆ ಶಾಫ್ಟನ್ನು ಕೈಯಲ್ಲಿ ಹಿಡಿದೇ ಶೆಡ್ಡಿಗೆ ಬಂದರು. ಉಳಿದಿಬ್ಬರನ್ನೂ ಕರೆಸಿದರು.

"ಪಾಟೀಲರು ಅವತ್ತು ಹೇಳಿದ್ದು ನಿಜ" ಎಂದರು. "ನಮ್ಮ ಮಾಲನ್ನೇ ಹಿಡಿದು ನಮ್ಮೊಳಗೇ ಜಗಳ ಹಚ್ಚುತ್ತಾರೆ." ಇನ್ನು ಮುಂದೆ ಒಬ್ಬರ ಮಾಲು ಇನ್ನೊಬ್ಬರ ಮೇಜಿಗೆ ಬಂದರೆ ಮೊದಲು ಮೂವರೂ ಮಾತಾಡಿಕೊಳ್ಳುವುದೆಂದು ಅಲ್ಲೇ ನಿರ್ಧಾರವಾಯಿತು. ಆಮೇಲೆ ಅವರು ನನ್ನ ಕಡೆ ತಿರುಗಿ, ತಲೆ ತಗ್ಗಿಸಿ, "ಅಮ್ಮಾ, ನಾದೇ ತಪ್ಪು. ನೀವಿಬ್ಬರೂ ಕನ್ನಡದಲ್ಲೇ ಮಾತಾಡಿಕೊಳ್ಳಿ" ಎಂದರು.

ಪಾಟೀಲರು ಮರುದಿನವೇ ಭಕ್ರಿ ತಂದರು. "ತಗೋರಿ ಬಾಯಾರ" ಎಂದರು. ನನ್ನ ಬಾಯಿಂದ "ಶುಕ್ರಿಯಾ" ಎಂದು ಬಂತು. ಇಬ್ಬರೂ ನಕ್ಕೆವು. ಭಕ್ರಿ ಮುರಿಯುತ್ತಾ ನಾನು ಊರಿನ ಸುದ್ದಿ ಕೇಳಿದೆ. ಅವರು ಎರಡು ಮಾತು ಹೇಳಿ, ಮೂರನೆಯದಕ್ಕೆ ಹಿಂದಿಗೆ ಜಾರಿದರು. ಅದು ಅವರಿಗೆ ಗೊತ್ತಾಗಲಿಲ್ಲ. ನಾನೂ ಹಿಂದಿಯಲ್ಲೇ ಉತ್ತರ ಕೊಟ್ಟೆ. ಅಷ್ಟು ವರ್ಷಗಳಲ್ಲಿ ನಮ್ಮ ನಡುವೆ ಹಿಂದಿಯ ದಾರಿ ಸವೆದು ಚೊಕ್ಕಟವಾಗಿತ್ತು. ಕನ್ನಡದ್ದು ಹುಲ್ಲು ಬೆಳೆದು ಮುಚ್ಚಿತ್ತು. ಅವ್ವನ ಬಗ್ಗೆ ಅವರು ಏನಾದರೂ ಕೇಳಿಯಾರೆಂದು ನಾನು ಕಾದೆ. ಅವರು ಉಪ್ಪಿನಕಾಯಿ ಮುಂದೆ ಸರಿಸಿದರು.

ಮುಂದೆ ಯಂತ್ರಗಳು ಅಗ್ಗವಾದವು. ಬೇರೆ ಊರಿನ ದೊಡ್ಡ ಕಾರ್ಖಾನೆಗಳು ಮಾರಿದ ಹಳೆಯ ಕಂಪ್ಯೂಟರ್ ಲೇತುಗಳು ಕೈಗೆಟಕುವಂತೆ ಸಿಗತೊಡಗಿದವು. ಮೊದಲು ಹಮೀದ್ ಭಾಯಿ, ಆಮೇಲೆ ಸತ್ಯನಾರಾಯಣ ಗಾರು, ಕೊನೆಗೆ ಪಾಟೀಲರು ತಮ್ಮ ತಮ್ಮ ಯಂತ್ರ ತಂದುಕೊಂಡರು. ಮೂರನ್ನೂ ಕೂರಿಸಿ, ಅವರ ಕೆಲಸಗಾರರಿಗೆ ಕಲಿಸಿ, ಹಂಚಿಕೆಯ ಶೆಡ್ಡಿನ ಬಾಗಿಲು ಹಾಕಿದೆವು. ನಾನು ಕೇಂದ್ರದ ಆಫೀಸಿಗೆ ಹಿಂದಿರುಗಿ, ನಿವೃತ್ತಿಯವರೆಗೆ ಅಲ್ಲೇ ತರಬೇತಿ ಕೊಡುತ್ತಿದ್ದೆ.

ನಿವೃತ್ತಿಯಾದ ವರ್ಷ, ಆಂಧ್ರ ರಾಜ್ಯ ಎರಡಾಗುವ ಮಾತು ಎಲ್ಲ ಬಸ್ಸುಗಳಲ್ಲೂ ನಡೆಯುತ್ತಿದ್ದಾಗ, ಒಮ್ಮೆ ಬಾಲಾನಗರಕ್ಕೆ ಹೋದೆ. ಕೆಲಸವೇನೂ ಇರಲಿಲ್ಲ. ಪಾಟೀಲರು ಬಾಗಿಲಲ್ಲೇ ಇದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಆವೋ ಬಾಯಿ, ಆವೋ! ಚಾಯ್ ಪಿಯೋ."

ನಾನು ಬೇಕೆಂದೇ, ಒಂದೊಂದೇ ಪದ ಹುಡುಕಿ ಹೇಳಿದೆ: "ಹೆಂಗದೀರಿ ಪಾಟೀಲ್ರ? ಭಾಳ ದಿನಾತು ನೋಡಿ."

ಅವರು ನಿಂತುಬಿಟ್ಟರು. ಮುಖ ಮೆಲ್ಲಗೆ ಅರಳಿತು. "ಹೌದ್ರಿ ಬಾಯಾರ... ಭಾಳ ದಿನಾತು" ಎಂದರು. ಗಾಜಿನ ಗೋಡೆಯ ಸಣ್ಣ ಆಫೀಸಿನೊಳಗೆ ಕರೆದುಕೊಂಡು ಹೋಗಿ ಕುರ್ಚಿ ಒರೆಸಿ ಕೂರಿಸಿದರು. ಚಹಾ ತರಿಸಿದರು. ಎದುರಿಗೆ ಕೂತು, "ಅವತ್ತ ನಿಮ್ಮವ್ವ ಹೋದಾಗ..." ಎಂದು ಶುರು ಮಾಡಿದರು.

ಅಷ್ಟರಲ್ಲಿ ಯಂತ್ರದ ಗಂಟೆ ಹೊಡೆಯಿತು. ಒಂದು ತುಂಡು ಮುಗಿದಿತ್ತು, ಇನ್ನೊಂದು ಹಾಕಬೇಕು. ಕೆಲಸಗಾರ ಅಂದು ರಜೆಯಂತೆ. "ಬಂದೆ ಇರ್ರಿ" ಎಂದು ಎದ್ದು ಹೋದರು. ಹೊಸ ತುಂಡು ಹಾಕಿ ತಿರುಗುವಷ್ಟರಲ್ಲಿ ಕಂಪನಿಯ ಲಾರಿ ಬಂತು, ಅದರ ಹಿಂದೆ ಫೋನು, ಮತ್ತೆ ಗಂಟೆ. ಗಾಜಿನ ಆಚೆಯಿಂದ ಅವರು ನನಗೆ ಕೈ ಮಾಡಿ ಕೂರುವಂತೆ ಸನ್ನೆ ಮಾಡುತ್ತಿದ್ದರು. ಯಂತ್ರದ ಸದ್ದನ್ನು ನಾನು ಕಿವಿಗೊಟ್ಟು ಕೇಳಿದೆ. ಎಲ್ಲೂ ತೊಡರಿಲ್ಲ, ನಡುಕವಿಲ್ಲ. ಸರಿಯಾಗಿ ಓಡುತ್ತಿತ್ತು. ನನ್ನನ್ನು ಕರೆಸುವ ಅಗತ್ಯ ಅಲ್ಲಿ ಯಾರಿಗೂ ಇರಲಿಲ್ಲ. ಚಹಾ ಮುಗಿಸಿ, ಲೋಟ ತೊಳೆದಿಟ್ಟು, ಅವರಿಗೆ ಕೈಮುಗಿದು ಹೊರಗೆ ಬಂದೆ.